ಕ್ಯಾಸೆಟ್ ಊದಿ ಆಡಿದ ರಜೆ

ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ 1990ರ ದಶಕದ ನಮ್ಮ ಓಣಿಯ ವಿಡಿಯೋ ಗೇಮ್ ನೆನಪಾಗುತ್ತದೆ. ಇದ್ದದ್ದು ಒಂದೇ ಸೆಟ್, ಕಾಯುವವರು ಆರು ಜನ. ಒಬ್ಬ ಸತ್ತರೆ ಇನ್ನೊಬ್ಬನ ಪಾಳಿ. ಇಬ್ಬರು ಒಟ್ಟಿಗೆ ಆಡುವ ‘ಕಾಂಟ್ರಾ’ ಗೇಮ್‌ನಲ್ಲಿ ಜಲಪಾತ ಹತ್ತುವಾಗ ಮೇಲಿದ್ದವನು ಅವಸರ ಮಾಡಿದರೆ ಕೆಳಗಿದ್ದವನು ಪರದೆಯಿಂದ ಜಾರಿ ಸಾಯುತ್ತಿದ್ದ. ಅದಕ್ಕೇ ಎಷ್ಟು ಜಗಳ! ಸೆಟ್‌ಗೆ ಸಿಕ್ಕಿಸುವ ಗೇಮ್ ಕ್ಯಾಸೆಟ್ ಓಡದಿದ್ದರೆ ಉಫ್ ಅಂತ ಊದುತ್ತಿದ್ದೆವು. ನಿಜವಾಗಿ ಕೆಲಸ ಮಾಡಿದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಎಂಜಲು ತಾಗಿ ಪಿನ್‌ಗೆ ತುಕ್ಕು ಬೇರೆ!

ಈಗ ಮಗ ಫೋನಿನಲ್ಲಿ ಆಡುತ್ತಾನೆ, ಗೆಳೆಯರೆಲ್ಲ ಹೆಡ್‌ಫೋನಿನೊಳಗೆ. ಸುಮ್ನೆ ಬೈಯುವ ಬದಲು, ಈ ರಜೆಯಲ್ಲಿ ನಾಲ್ಕು ಮಕ್ಕಳನ್ನು ಮನೆಗೆ ಕರೆದು ಟೀವಿ ಮುಂದೆ ಒಟ್ಟಿಗೆ ಗೇಮ್ ಆಡಲು ಕೂರಿಸಿ ಎಂದು ಪೋಷಕರಲ್ಲಿ ಮನವಿ. ಮಂಡಕ್ಕಿ ಮಾತ್ರ ಜಾಸ್ತಿ ಕಲಸಿಡಿ.

– ಒಬ್ಬ ಓದುಗ, ದಾವಣಗೆರೆ