ಗುಪ್ತ ಕಡತಗಳ ಬೀರು: ಮಾರುವ ಮೊದಲು ತೆರೆದು ನೋಡಿ

ಮಾನ್ಯ ಸಂಪಾದಕರೇ,

ಸರ್ಕಾರದ ಗುಪ್ತ ದಾಖಲೆ ಸೋರಿತು ಅಂದ ಕೂಡಲೇ ಎಲ್ಲರೂ ಹ್ಯಾಕರ್, ಪಾಸ್‌ವರ್ಡ್ ಅಂತ ಮಾತಾಡುತ್ತಾರೆ. ಕಾಗದದ ಕಡತ ಇಟ್ಟಿರುವ ಬೀರುವಿನ ಬಗ್ಗೆ ಯಾರೂ ಕೇಳುವುದಿಲ್ಲ.

2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಕ್ಯಾನ್‌ಬೆರಾದಲ್ಲಿ ಬಯಲಾದ ಪ್ರಕರಣ ನೋಡಿ. ಸರ್ಕಾರದ ಎರಡು ಹಳೇ ಬೀರುಗಳು ಸೆಕೆಂಡ್ ಹ್ಯಾಂಡ್ ಅಂಗಡಿ ಸೇರಿದ್ದವು. ಬೀಗ ಹಾಕಿತ್ತು, ಕೀಲಿ ಇರಲಿಲ್ಲ, ತೂಕ ಬೇರೆ ಜಾಸ್ತಿ. ಪುಡಿಗಾಸಿಗೆ ಮಾರಿಬಿಟ್ಟರು. ಎಷ್ಟೋ ದಿನ ಹಾಗೇ ಬಿದ್ದಿದ್ದ ಬೀರುಗಳ ಬೀಗವನ್ನು ಡ್ರಿಲ್ ಹಾಕಿ ತೆಗೆದಾಗ ಒಳಗೆ ಸಚಿವ ಸಂಪುಟದ ರಹಸ್ಯ ಕಡತಗಳ ರಾಶಿ! ಅವು ಎಬಿಸಿ ಸುದ್ದಿಸಂಸ್ಥೆಯ ಕೈ ಸೇರಿದವು. ಬೀಗ ತನ್ನ ಕೆಲಸ ಮಾಡಿತ್ತು. ಸಾಗಹಾಕುವ ಮೊದಲು ಒಳಗೆ ಏನಿದೆ ಅಂತ ನೋಡಬೇಕಾದವರು ನೋಡಲಿಲ್ಲ, ಅಷ್ಟೇ.

ಇದು ಹಳೇ ರೋಗ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಅಣುಬಾಂಬ್ ಪ್ರಯೋಗಾಲಯವಿದ್ದ ಲಾಸ್ ಅಲಮೋಸ್‌ನಲ್ಲಿ ಅಣುಬಾಂಬ್ ದಾಖಲೆಗಳ ಕಪಾಟುಗಳಿಗೆ ಮೂರು ಸಂಖ್ಯೆಯ ಕಾಂಬಿನೇಷನ್ ಬೀಗ ಇತ್ತು, ಅಂದರೆ ನೂರು ಅಂಕಿಯ ಡಯಲ್ ಅನ್ನು ಸರಿಯಾದ ಮೂರು ಸಂಖ್ಯೆಗೆ ತಿರುಗಿಸಿದರೆ ತೆರೆಯುವಂಥದ್ದು. ಕಪಾಟು ತೆರೆದಿದ್ದಾಗ ಡಯಲ್ ಮೇಲೆ ಕೈಯಾಡಿಸಿಯೇ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕೊನೆಯ ಎರಡು ಸಂಖ್ಯೆ ಕಂಡುಹಿಡಿಯುತ್ತಿದ್ದರು. ಡಯಲ್ ಎರಡು ಅಂಕಿ ಆಚೀಚೆಯಾದರೂ ಬೀಗ ತೆರೆಯುತ್ತಿತ್ತು. ಹಾಗಾಗಿ ಉಳಿದ ಒಂದಕ್ಕೆ ನೂರರ ಬದಲು 20 ಸಲ ತಿರುಗಿಸಿದರೆ ಸಾಕು. ಕೆಲವು ಬೀಗಗಳಲ್ಲಿ ಕಾರ್ಖಾನೆ ಕೊಟ್ಟ ಸಂಖ್ಯೆಯೇ ಇತ್ತು. ಅದೇ ಅಣುಬಾಂಬ್ ಯೋಜನೆಯ ಇನ್ನೊಂದು ಕೇಂದ್ರವಾದ ಓಕ್ ರಿಡ್ಜ್‌ನ ಸೇನಾಧಿಕಾರಿಯೊಬ್ಬರಿಗೆ ಅವರು ಈ ದೋಷ ತೋರಿಸಿ ಎಚ್ಚರಿಸಿದರು. ಅಧಿಕಾರಿ ಮಾಡಿದ್ದೇನು? ಫೈನ್‌ಮನ್ ಬಂದುಹೋದ ಕೋಣೆಗಳವರು ಸಂಖ್ಯೆ ಬದಲಿಸಿ ಅಂತ ಆದೇಶ! ತಪ್ಪು ತೋರಿಸಿದವರನ್ನೇ ಅನುಮಾನಿಸುವ ಈ ಬುದ್ಧಿ ನನಗೆ ಬೀಗದ ದೋಷಕ್ಕಿಂತ ಜಾಸ್ತಿ ಅಪಾಯಕಾರಿ ಅನಿಸುತ್ತದೆ.

ಎಷ್ಟೇ ಗಟ್ಟಿ ಉಕ್ಕಾದರೂ ಕಳ್ಳನನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಅಷ್ಟೇ. ಅಮೆರಿಕದಲ್ಲಿ ಗುಪ್ತ ದಾಖಲೆಗೆ ಒಪ್ಪಿತವಾದ ‘ಕ್ಲಾಸ್ 5’ ಎಂಬ ದರ್ಜೆಯ ಕಪಾಟು ಒಡೆಯುವವರನ್ನು ತಡೆಯಬೇಕಾದದ್ದು 10 ನಿಮಿಷ. ಅದಕ್ಕೇ ಅಲ್ಲಿ ಕಪಾಟಿಗೊಂದು ಹಾಳೆ ಇರುತ್ತದೆ. ಯಾರು ತೆರೆದರು, ಯಾರು ಮುಚ್ಚಿದರು, ಯಾರು ಪರೀಕ್ಷಿಸಿದರು ಅಂತ ಸಮಯದ ಜೊತೆ ಬರೆಯಬೇಕು.

ಗುಪ್ತ ಕಡತ ಇಡುವ ಪ್ರತಿ ಕಚೇರಿಯಲ್ಲೂ ಇಂಥ ಹಾಳೆ ಇರಲಿ, ಸುಮ್ನೆ ಸಹಿ ಹಾಕುವುದಕ್ಕಲ್ಲ. ಬೀಗದ ಸಂಖ್ಯೆ ಗೊತ್ತಿದ್ದವರು ವರ್ಗವಾದ ದಿನವೇ ಅದನ್ನು ಬದಲಿಸಲಿ. ಬೀರು ಹೊರಗೆ ಹೋಗುವ ಮೊದಲು ಇಬ್ಬರು ಒಟ್ಟಿಗೆ ನಿಂತು ಪ್ರತಿ ಡ್ರಾಯರ್ ಎಳೆದು, ಹಿಂದೆ ಜಾರಿಬಿದ್ದ ಕಾಗದವನ್ನೂ ಹುಡುಕಲಿ. ಕೀಲಿ ಕಳೆದಿದ್ದರೆ ಕಚೇರಿಯಲ್ಲೇ ಬೀಗ ಒಡೆಸಲಿ.

ಇಂತಿ,
ಒಬ್ಬ ಓದುಗ