ಶನಿವಾರ ಮ್ಯೂಸಿಯಂನಲ್ಲಿ ಪುಟಾಣಿಗಳ ಡೈನೋಸಾರ್ ಹುಡುಕಾಟ

ಎಲ್ಲರಿಗೂ ನಮಸ್ಕಾರ.

ಬರುವ ಶನಿವಾರ ಬೆಳಿಗ್ಗೆ 10 ಗಂಟೆಗೆ ನಮ್ಮ 3ರಿಂದ 5 ವರ್ಷದ ಮಕ್ಕಳನ್ನು ಮ್ಯೂಸಿಯಂಗೆ ಕರೆದುಕೊಂಡು ಹೋಗುತ್ತಿದ್ದೇವೆ. ಒಟ್ಟು ಒಂದೂವರೆ ಗಂಟೆ. ಅದಕ್ಕಿಂತ ಜಾಸ್ತಿ ಈ ವಯಸ್ಸಿಗೆ ಕಷ್ಟ, ಅಲ್ವಾ?

ಮೊದಲು ಮರಳಿನ ತೊಟ್ಟಿ. ಮಕ್ಕಳು ಬ್ರಷ್ ಹಿಡಿದು ಮೆಲ್ಲಗೆ ಮರಳು ಸರಿಸುತ್ತಾ ಒಳಗಿರುವ ಮೂಳೆ, ಹಲ್ಲುಗಳ ಮಾದರಿ ಹುಡುಕುತ್ತಾರೆ. ದಯವಿಟ್ಟು ನೀವು ತೆಗೆದುಕೊಡಬೇಡಿ. ಮರಳಿನಿಂದ ಹಲ್ಲಿನ ತುದಿ ಇಣುಕಿದಾಗ ಅವರ ಮುಖ ನೋಡಬೇಕು! ಚೂಪು ಹಲ್ಲು ಮಾಂಸ ಹರಿಯೋಕೆ, ಚಪ್ಪಟೆ ಹಲ್ಲು ಎಲೆ ಅರೆಯೋಕೆ ಅನ್ನುವುದನ್ನು ಬೆರಳಲ್ಲಿ ಮುಟ್ಟಿಯೇ ಕಲಿಯುತ್ತಾರೆ.

ಆಮೇಲೆ 12 ಮೀಟರ್ ಹಗ್ಗ ಹಾಸಿ, ಅದರ ಪಕ್ಕ ಮಕ್ಕಳನ್ನು ಸಾಲಾಗಿ ಮಲಗಿಸುತ್ತೇವೆ. ಮಾಂಸ ತಿನ್ನುವ ಡೈನೋಸಾರ್ ಟಿ. ರೆಕ್ಸ್‌ಗಳಲ್ಲಿ ದೊಡ್ಡದು ಸುಮಾರು ಅಷ್ಟುದ್ದ ಇತ್ತು. ಎಷ್ಟು ಮಕ್ಕಳು ಬೇಕಾಯಿತು ಅಂತ ಅವರೇ ಎಣಿಸಲಿ. ಅವು ಅಳಿದು 6.6 ಕೋಟಿ ವರ್ಷ ಆಯಿತು ಅನ್ನುವ ಲೆಕ್ಕ ಈಗಲೇ ಬೇಡ, ‘ತುಂಬಾ ತುಂಬಾ ಹಿಂದೆ’ ಅಂದರೆ ಸಾಕು.

ಪ್ರತಿ ಮಗುವಿನ ಜೊತೆ ಒಬ್ಬರು ದೊಡ್ಡವರು ಇರಲೇಬೇಕು. ಕೊಳೆಯಾದರೂ ಪರವಾಗಿಲ್ಲ ಅನ್ನುವ ಬಟ್ಟೆ ಹಾಕಿ, ನೀರಿನ ಬಾಟಲಿ ತನ್ನಿ. ದೊಡ್ಡ ಅಸ್ಥಿಪಂಜರ ಕಂಡರೆ ನಿಮ್ಮ ಮಗು ಹೆದರಬಹುದು ಅನ್ನಿಸಿದರೆ ನನಗೆ ಮೊದಲೇ ಹೇಳಿ, ಆ ಕಡೆ ಕೊನೆಗೆ ಹೋಗೋಣ.

ಬರುವವರು ಗುರುವಾರ ಸಂಜೆಯೊಳಗೆ ಮಗುವಿನ ಹೆಸರು, ವಯಸ್ಸು ಇಲ್ಲೇ ಹಾಕಿ. ಮರಳಿನ ತೊಟ್ಟಿ ಹತ್ತಿರ ನಿಲ್ಲೋಕೆ ಇಬ್ಬರು ಬೇಕು, ಯಾರು ಬರುತ್ತೀರಿ?