ಹೆಂಚು ಬೇಡ ಅಕ್ಕ, ದನಿ ಕಲಿಸು

ಸುವೊನ್, ದಕ್ಷಿಣ ಕೊರಿಯಾ
ಜನವರಿ 18

ಪ್ರೀತಿಯ ಅಕ್ಕನಿಗೆ ತಂಗಿ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಪ್ಪ, ಅಮ್ಮ, ಅಜ್ಜಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಬೆಳಗಿನ ಹೊತ್ತು ಇಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಇಳಿಯುತ್ತದೆ. ಆದರೆ ಇವರು ಮನೆಯ ನೆಲವನ್ನೇ ಬಿಸಿ ಮಾಡಿಟ್ಟುಕೊಳ್ಳುತ್ತಾರೆ, ಅದಕ್ಕೇ ಒಳಗೆ ಚಳಿಯ ತೊಂದರೆಯಿಲ್ಲ ಅಂತ ಅಮ್ಮನಿಗೆ ಹೇಳು.

ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅವತ್ತೇ ಉತ್ತರ ಕೊಡಬಹುದಿತ್ತು. ಗಡಿಬಿಡಿಯಲ್ಲಿ ಮಾತಾಡಿ ಮುಗಿಸುವ ವಿಷಯ ಇದಲ್ಲ ಅನ್ನಿಸಿ ಸುಮ್ಮನಾದೆ. ಶಾಲೆಯ ವಾರ್ಷಿಕೋತ್ಸವದ ದಿನ, ನೀನು ಟೇಕ್ವಾಂಡೊ, ಅಂದರೆ ಕೊರಿಯಾದ ಈ ಕಾಳಗ ವಿದ್ಯೆ, ಕಲಿಸುವ ಹುಡುಗಿಯರ ಕೈಯಲ್ಲಿ ಹೆಂಚು ಒಡೆಸಿ ಅಂತ ಹೆಡ್‌ಮೇಷ್ಟ್ರು ಕೇಳುತ್ತಿದ್ದಾರೆ, ಆತ್ಮರಕ್ಷಣೆ ತರಬೇತಿಗೆ ಸರ್ಕಾರ ಕೊಟ್ಟ ಮೂರು ತಿಂಗಳಲ್ಲಿ ಅರ್ಧ ಆಗಲೇ ಕಳೆದಿದೆ, ಉಳಿದದ್ದನ್ನು ಅದರ ತಯಾರಿಗೇ ಇಡಲೇ ಅಂತ ತಾನೆ ಕೇಳಿದ್ದು? ಬೇಡ ಅಕ್ಕ. ಒಂದು ಹೆಂಚೂ ಬೇಡ.

ಮೊದಲು ಮೂಳೆಯ ಮಾತು. ಏಳನೇ, ಎಂಟನೇ ತರಗತಿಯ ಮಕ್ಕಳಿಗೆ ಬೆರಳು, ಮಣಿಕಟ್ಟಿನ ಮೂಳೆಗಳ ತುದಿಯಲ್ಲಿ ಇನ್ನೂ ಗಟ್ಟಿಯಾಗದ ಬೆಳವಣಿಗೆಯ ಪದರ ಇರುತ್ತದೆ. ಅಲ್ಲಿ ಪೆಟ್ಟಾದರೆ ಆ ಮೂಳೆ ಮುಂದೆ ಸೊಟ್ಟಗೆ ಬೆಳೆಯಬಹುದು, ಬೆಳೆಯದೆಯೂ ಇರಬಹುದು. ಇಲ್ಲಿ ಮಕ್ಕಳಿಗೆ ಒಡೆಯಲು ಕೊಡುವುದು ತೆಳುವಾದ ಪೈನ್ ಮರದ ಹಲಗೆ, ಅದೂ ಹೆಚ್ಚಾಗಿ ಕಾಲಿನಿಂದ ಒಡೆಯಲು. ಮಂಗಳೂರು ಹೆಂಚನ್ನು ಮುಷ್ಟಿಯಲ್ಲಿ ಗುದ್ದಿಸುವುದನ್ನು ನಾನು ಇಲ್ಲಿ ಎಲ್ಲೂ ನೋಡಿಲ್ಲ.

ಅದಕ್ಕಿಂತ ನನ್ನನ್ನು ಕಾಡುವುದು ಇನ್ನೊಂದು. ಎರಡು ಇಟ್ಟಿಗೆಯ ಮೇಲೆ ಕೂರಿಸಿದ ಹೆಂಚು ಅಲ್ಲಾಡುವುದಿಲ್ಲ, ತಿರುಗಿ ಹೊಡೆಯುವುದಿಲ್ಲ, ಚಿಕ್ಕಂದಿನಿಂದ ನೋಡಿದ ಪರಿಚಯದ ಮಾವನ ಮುಖ ಹೊತ್ತು ಬರುವುದಿಲ್ಲ. ಅದನ್ನು ಒಡೆದ ಹುಡುಗಿ ಚಪ್ಪಾಳೆ ಕೇಳಿಸಿಕೊಂಡು, ಇನ್ನು ನನಗೆ ಯಾರೂ ಏನೂ ಮಾಡಲಾರರು ಅಂದುಕೊಂಡು ಮನೆಗೆ ಹೋಗುತ್ತಾಳೆ. ಆ ನಂಬಿಕೆ ಕೊಟ್ಟವರು ನಾವು. ಬೇಕಾದಾಗ ಅದು ಅವಳನ್ನು ಕಾಪಾಡದಿದ್ದರೆ ಹೊಣೆಯೂ ನಮ್ಮದೇ ತಾನೆ?

ಇಲ್ಲಿ ಕಲಿಸುವ ಜಾಗ ಹೇಗಿರುತ್ತದೆ ಅಂತ ಅಮ್ಮ ಕೇಳುತ್ತಲೇ ಇರುತ್ತಾಳೆ, ಓದಿ ಹೇಳು. ದೋಜಾಂಗ್ ಅಂದರೆ ದೊಡ್ಡ ಮಠದ ಥರ ಏನೋ ಅಂತ ನಾನೂ ಅಂದುಕೊಂಡಿದ್ದೆ. ವಿಶ್ವವಿದ್ಯಾಲಯದ ನಮ್ಮ ವಿಭಾಗದಿಂದ ನನ್ನನ್ನು ಅಭ್ಯಾಸಕ್ಕೆ ಹಾಕಿರುವುದು ಒಂದು ಮಾಮೂಲಿ ಕಟ್ಟಡದ ಮೂರನೇ ಮಹಡಿಗೆ. ಕೆಳಗೆ ಔಷಧಿ ಅಂಗಡಿ, ಅದರ ಮೇಲೆ ಗಣಿತದ ಟ್ಯೂಷನ್. ಶಾಲೆ ಬಿಡುವ ಹೊತ್ತಿಗೆ ಹಳದಿ ವ್ಯಾನು ಗೇಟಿನ ಮುಂದೆ ನಿಂತಿರುತ್ತದೆ, ಓಡಿಸುವವರು ಮೇಷ್ಟ್ರೇ. ಮಕ್ಕಳನ್ನು ಹತ್ತಿಸಿ ಇಳಿಸಲು ಇನ್ನೊಬ್ಬ ದೊಡ್ಡವರು ವ್ಯಾನಿನಲ್ಲಿ ಇರಲೇಬೇಕೆಂದು 2015ರಿಂದ ಕಾನೂನಿದೆ. ಅಪ್ಪ ಅಮ್ಮ ಇಬ್ಬರೂ ದುಡಿಯುವ ಮನೆಗಳಿಗೆ ಸಂಜೆಯ ಆಸರೆಯೇ ಇದು. ಮಕ್ಕಳು ಒದೆತ ಕಲಿಯುತ್ತಾರೆ, ಹಗ್ಗ ಜಿಗಿಯುತ್ತಾರೆ, ಚೆಂಡಾಡುತ್ತಾರೆ, ಬಿಟ್ಟ ಚಪ್ಪಲಿ ಸಾಲಾಗಿ ಜೋಡಿಸುತ್ತಾರೆ. ಹದಿನೈದು ತುಂಬದವರಿಗೆ ಕಪ್ಪು ಬೆಲ್ಟ್ ಇಲ್ಲ, ಅರ್ಧ ಕೆಂಪು ಅರ್ಧ ಕಪ್ಪಿನ ಪೂಮ್ ಬೆಲ್ಟ್. ಪ್ರಮಾಣಪತ್ರ ಬರುವುದು ಟೇಕ್ವಾಂಡೊದ ಮುಖ್ಯ ಕೇಂದ್ರವಾದ ಸಿಯೋಲ್‌ನ ಕುಕ್ಕಿವನ್‌ನಿಂದ.

ಮೇಷ್ಟ್ರ ಚಿಂತೆ ಬೇರೆ. 2023ರಲ್ಲಿ ಈ ದೇಶದ ಜನನ ದರ ಒಬ್ಬ ಹೆಣ್ಣಿಗೆ 0.72 ಮಗುವಿಗೆ ಇಳಿಯಿತು. ಒಂದೇ ಬೀದಿಯಲ್ಲಿ ಎರಡು ಮೂರು ದೋಜಾಂಗ್ ಇರುವ ಊರಿನಲ್ಲಿ ಮಕ್ಕಳೇ ಕಡಿಮೆಯಾದರೆ ಬಾಡಿಗೆ ಕಟ್ಟುವುದು ಹೇಗೆ? ಬೆಲ್ಟ್ ಬೇಗ ಬೇಗ ಕೊಡಿ ಅನ್ನುವ ಪೋಷಕರ ಒತ್ತಡ ಇಲ್ಲೂ ಇದೆ. ಆದರೂ ಇವರು ಒಂದು ಮಾತು ಬಿಟ್ಟುಕೊಡುವುದಿಲ್ಲ. ರಾತ್ರಿಯ ದೊಡ್ಡವರ ತರಗತಿಗೆ ಬರುವ ಹೆಂಗಸರಿಗೆ ಪ್ರತಿ ಸಲ ಹೇಳುತ್ತಾರೆ: ಓಡಲು ದಾರಿ ಇದ್ದರೆ ಒದೆಯಬೇಡಿ, ಓಡಿ.

ಅವರು ಹೀಗೆ ಹೇಳುವುದಕ್ಕೆ ಕಾರಣ ಇದೆ. ನಾವು ತುಮಕೂರಿನಲ್ಲಿ ಕಲಿತು ಆಡಿದ್ದು ಸ್ಪರ್ಧೆಯ ಟೇಕ್ವಾಂಡೊ. 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಪ್ರದರ್ಶನ ಕ್ರೀಡೆಯಾಗಿ ಕಾಣಿಸಿಕೊಂಡು, 2000ದ ಸಿಡ್ನಿಯಿಂದ ಪದಕದ ಕ್ರೀಡೆಯಾದದ್ದು ಅದೇ. ಈಗ ಎದೆಗವಚದಲ್ಲೂ ಕಾಲುಚೀಲದಲ್ಲೂ ಸೆನ್ಸರ್. ಎದೆಗೆ ಗುದ್ದಿದರೆ 1 ಅಂಕ, ಒದ್ದರೆ 2, ತಲೆಗೆ ಒದ್ದರೆ 3, ತಿರುಗಿ ತಲೆಗೆ ಒದ್ದರೆ ಇನ್ನೂ ಹೆಚ್ಚು. ಮುಖಕ್ಕೆ ಗುದ್ದುವಂತಿಲ್ಲ, ಸೊಂಟದ ಕೆಳಗೆ ಒದೆಯುವಂತಿಲ್ಲ. ಹಾಗಾಗಿ ಆಟಗಾರ್ತಿಯ ಕೈ ತಾನಾಗಿ ಕೆಳಗಿಳಿಯುತ್ತದೆ, ಕಣ್ಣು ಎದುರಾಳಿಯ ಕಾಲಿನ ಮೇಲೇ ಇರುತ್ತದೆ. ಕೊರಟಗೆರೆ ಬಸ್ ಸ್ಟ್ಯಾಂಡಿನ ಹಿಂದೆ ಜಡೆ ಹಿಡಿದು ಎಳೆಯುವವನು ಈ ನಿಯಮಕ್ಕೆ ಒಪ್ಪಿ ಬಂದವನಲ್ಲ. ಕ್ರೀಡೆಯನ್ನು ಹಳಿಯುತ್ತಿಲ್ಲ, ಅದು ಬಹಳ ಕಷ್ಟದ, ಬಹಳ ಚಂದದ ವಿದ್ಯೆ. ನನಗೆ ಮೊದಲ ಬಿಳಿ ಬೆಲ್ಟ್ ಕಟ್ಟಿದವಳು ನೀನು, ನನ್ನನ್ನು ಇಲ್ಲಿಯವರೆಗೆ ತಂದದ್ದೂ ಅದೇ. ಆದರೆ ಅದು ವರ್ಷಗಟ್ಟಲೆ ಬೇಡುವ ವಿದ್ಯೆ. ನಿನ್ನ ಹತ್ತಿರ ಉಳಿದಿರುವುದು ಕೆಲವೇ ವಾರ.

ಆ ಕೆಲವು ವಾರದಲ್ಲಿ ಏನು ಸಾಧ್ಯ ಅನ್ನುವುದಕ್ಕೆ ತರಗತಿಯಲ್ಲಿ ನಮಗೆ ಒಂದು ಅಧ್ಯಯನ ಓದಿಸಿದರು. ಕೆನಡಾದ ಮೂರು ವಿಶ್ವವಿದ್ಯಾಲಯಗಳಲ್ಲಿ ಸುಮಾರು 900 ವಿದ್ಯಾರ್ಥಿನಿಯರ ಮೇಲೆ ನಡೆಸಿದ್ದು, 2015ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಜನರಿಗೆ ಕರಪತ್ರ ಮಾತ್ರ ಕೊಟ್ಟರು, ಉಳಿದವರಿಗೆ ಒಟ್ಟು 12 ಗಂಟೆಯ ತರಬೇತಿ. ಒಂದು ವರ್ಷದ ನಂತರ ನೋಡಿದರೆ ತರಬೇತಿ ಪಡೆದವರಲ್ಲಿ ಅತ್ಯಾಚಾರಕ್ಕೊಳಗಾದವರ ಪ್ರಮಾಣ ಉಳಿದವರಿಗಿಂತ ಹತ್ತಿರಹತ್ತಿರ ಅರ್ಧಕ್ಕೆ ಇಳಿದಿತ್ತು. ಕೇವಲ 12 ಗಂಟೆ ಅಕ್ಕ! ಅಲ್ಲಿ ಹೊಡೆತವನ್ನೂ ಕಲಿಸಿದರು, ಆದರೆ ಹೆಚ್ಚು ಹೊತ್ತು ಹೋದದ್ದು ಬೇರೆಯದಕ್ಕೆ. ಅಪಾಯ ಹೆಚ್ಚಾಗಿ ಬರುವುದು ಗೊತ್ತಿರುವವರಿಂದಲೇ ಎಂದು ತಿಳಿಸುವುದು, ಅವನ ನಡವಳಿಕೆ ಬದಲಾಗುವುದನ್ನು ಬೇಗ ಗುರುತಿಸುವುದು, ಪರಿಚಯದವನಿಗೆ ಎದುರು ಹೇಳಲು ಅಡ್ಡ ಬರುವ ಸಂಕೋಚವನ್ನು ಮುರಿಯುವುದು. ಅವರು ಕಾಲೇಜಿನವರು, ನಿನ್ನವರು ಇನ್ನೂ ಚಿಕ್ಕವರು, ಅದು ನಿಜ. ಆದರೆ ಆ ಸಂಕೋಚ ನಮ್ಮ ಊರಿನಲ್ಲಿ ಕಡಿಮೆಯೇ?

ಅದಕ್ಕೇ ನಾನು ದನಿ ಅಂದದ್ದು. ಪ್ರತಿ ಒದೆತದ ಜೊತೆ ಕಿಹಾಪ್ ಕೂಗು ಅಂತ ನಮಗೆ ಕಲಿಸಿದಾಗ ನಾವು ಅದನ್ನು ಶಿಸ್ತಿನ ಭಾಗ ಅಂದುಕೊಂಡು ಕೂಗಿಬಿಟ್ಟೆವು. ಈಗ ಅನ್ನಿಸುತ್ತದೆ, ನಿನ್ನ ತರಗತಿಯಲ್ಲಿ ಇರುವುದರಲ್ಲೆಲ್ಲ ಬೆಲೆಬಾಳುವುದು ಅದೇ. ನಮ್ಮ ಹುಡುಗಿಯರಿಗೆ ಒದೆಯುವುದು ಬೇಗ ಬರುತ್ತದೆ, ಕೂಗುವುದು ಬರುವುದಿಲ್ಲ. ಹೆಣ್ಣುಮಕ್ಕಳ ದನಿ ಹೊಸಿಲು ದಾಟಬಾರದು ಅಂತ ಕೇಳುತ್ತಲೇ ಬೆಳೆದವರು. ಮೊದಲ ವಾರ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ. ನಗಲಿ, ಬೈಯಬೇಡ. ಒಬ್ಬೊಬ್ಬರನ್ನೇ ಮುಂದೆ ಕರೆಯಬೇಡ, ಎಲ್ಲರನ್ನೂ ಒಟ್ಟಿಗೆ ಕೂಗಿಸು, ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸು. ಗಂಟಲಿನಿಂದ ಕಿರುಚಿದರೆ ದನಿ ಒಡೆಯುತ್ತದೆ, ಹೊಟ್ಟೆಯಿಂದ ತೆಗೆಯುವುದನ್ನು ತೋರಿಸು. ಕೂಗಲು ಕೊರಿಯನ್ ಸದ್ದು ಬೇಡ. "ಕೈ ಬಿಡು!" "ದೂರ ನಿಲ್ಲು!" "ಇವನು ಯಾರೋ ನನಗೆ ಗೊತ್ತಿಲ್ಲ!" ಕೊನೆಯದು ಮುಖ್ಯ, ಯಾಕೆಂದರೆ ಇದೇನೋ ಮನೆಯವರ ಜಗಳ ಅಂದುಕೊಂಡು ಜನ ದೂರ ನಿಂತುಬಿಡುತ್ತಾರೆ.

ಶನಿವಾರ ನಾನು ಹಾಪ್ಕಿಡೊ ಕಲಿಯಲು ಹೋಗುತ್ತೇನೆ. ಜಪಾನಿನಿಂದ ಮರಳಿದ ಚೋಯ್ ಯೋಂಗ್‌ಸುಲ್ ದೇಗು ನಗರದಲ್ಲಿ ಕಲಿಸಲು ಶುರುಮಾಡಿದ ವಿದ್ಯೆ, ಹಿಡಿತ ಬಿಡಿಸಿಕೊಳ್ಳುವುದು, ಬೀಳುವುದು ಇದರಲ್ಲಿ ಹೆಚ್ಚು. ಮಣಿಕಟ್ಟು ಹಿಡಿದವನ ಹಿಡಿತ ಸಡಿಲ ಇರುವುದು ಅವನ ಹೆಬ್ಬೆರಳು ಬೆರಳುಗಳನ್ನು ಕೂಡುವ ಸಂದಿಯಲ್ಲಿ. ನಮ್ಮ ಬೆರಳು ಅಗಲಿಸಿ, ಮೊಣಕೈಯನ್ನು ಅವನ ಕಡೆಗೆ ತಂದು, ಆ ಸಂದಿಯತ್ತ ತಿರುಗಿಸಿ ಎಳೆಯಬೇಕು. ಹಿಂದಕ್ಕೆ ಎಳೆದಾಡಿದರೆ ತೋಳಿನ ಬಲದ ಜಗಳವಾಗುತ್ತದೆ, ಅದರಲ್ಲಿ ಹುಡುಗಿ ಸೋಲುತ್ತಾಳೆ. ಬೀಳುವಾಗ ಗದ್ದ ಎದೆಗೆ ಒತ್ತಬೇಕು, ಬೆನ್ನು ದುಂಡಗೆ ಮಾಡಬೇಕು, ಅಂಗೈ ಊರಬಾರದು. ಇದನ್ನು ಸಿಮೆಂಟಿನ ಮೇಲೆ ಮಾಡಿಸಬೇಡ. ರಾಗಿ ಹುಲ್ಲು ದಪ್ಪಗೆ ಹರಡಿ ಮೇಲೆ ಟಾರ್ಪಾಲು ಬಿಗಿಯಾಗಿ ಹಾಸಿದರೆ ಸಾಕು.

ಇನ್ನೊಂದು. ಎಲ್ಲ ಅಭ್ಯಾಸವೂ ಡೊಬೊಕ್, ಅಂದರೆ ಅಭ್ಯಾಸದ ಬಿಳಿ ಉಡುಪು, ತೊಟ್ಟು ಬೇಡ. ಅವರು ದಾರಿಯಲ್ಲಿ ನಡೆಯುವುದು ಶಾಲೆಯ ಚೂಡಿದಾರ್‌ನಲ್ಲಿ, ಹೆಗಲಿಗೆ ಬ್ಯಾಗು ಹಾಕಿ, ಕಾಲಿಗೆ ಚಪ್ಪಲಿ ಮೆಟ್ಟಿ. ಅದರಲ್ಲೇ ಮಾಡಲಿ. ಬ್ಯಾಗು ಎಳೆದರೆ ಬ್ಯಾಗು ಬಿಟ್ಟು ಓಡಲಿ, ವೇಲ್ ಎಳೆದರೆ ವೇಲ್ ಬಿಡಲಿ. ಹೊಡೆಯಲು ಎರಡೇ ಸಾಕು: ಅಂಗೈ ಬುಡದಿಂದ ಮೂಗಿಗೆ, ಮೊಣಕಾಲಿಗೆ ಒಂದು ಒದೆತ. ಆಮೇಲೆ ಜನರಿರುವ ಕಡೆಗೆ ಓಟ. ತುರ್ತು ಸಹಾಯಕ್ಕೆ 112, ಮಕ್ಕಳ ಸಹಾಯವಾಣಿ 1098, ಎರಡೂ ಸಂಖ್ಯೆ ಬಾಯಿಪಾಠ ಆಗಲಿ.

ಮತ್ತು ದಯವಿಟ್ಟು ಇದನ್ನು ಬಾಯಿಬಿಟ್ಟು ಹೇಳು: ಭಯದಲ್ಲಿ ಕೈಕಾಲು ಆಡದೆ ನಿಂತುಬಿಟ್ಟರೂ, ಕೂಗು ಹೊರಡದಿದ್ದರೂ, ತಪ್ಪು ನಿನ್ನದಲ್ಲ. ಕಲಿತಿದ್ದೂ ಹೊಡೆಯಲಿಲ್ಲ ಅಂತ ಯಾವ ಹುಡುಗಿಯೂ ತನ್ನನ್ನೇ ಬೈದುಕೊಳ್ಳಬಾರದು. ಆತ್ಮರಕ್ಷಣೆ ಕಲಿಸುವವರು ಇದನ್ನು ಹೇಳದೆ ಬಿಡುವುದು ನನಗೆ ಬಹಳ ನೋವಿನ ಸಂಗತಿ. ಆಗುವುದಾದರೆ ಒಂದು ದಿನ ಗಂಡುಹುಡುಗರನ್ನೂ ಕೂರಿಸು.

ನಿನ್ನ ಬ್ಯಾನರಿನಲ್ಲಿ "2000 ವರ್ಷಗಳ ಕಲೆ" ಅಂತ ಬರೆಸಿದೆಯಲ್ಲ, ಅದನ್ನೂ ತೆಗೆಸು. ಹಳೆಯ ಗೋರಿಗಳ ಗೋಡೆಯಲ್ಲಿ ಸೆಣಸುವವರ ಚಿತ್ರ ಇರುವುದು ಹೌದು. ಆದರೆ ನಾವು ಕಲಿತ ಟೇಕ್ವಾಂಡೊ ಅಲ್ಲಿಂದ ನೇರ ಇಳಿದು ಬಂದದ್ದಲ್ಲ. 1910ರಿಂದ 1945ರವರೆಗೆ ಈ ದೇಶ ಜಪಾನಿನ ಆಳ್ವಿಕೆಯಲ್ಲಿತ್ತು. ಜಪಾನಿನಲ್ಲಿ ಕರಾಟೆ ಕಲಿತ ಲೀ ವನ್‌ಕುಕ್ 1944ರಲ್ಲಿ ಚುಂಗ್ ದೊ ಕ್ವಾನ್ ಎಂಬ ಶಾಲೆ ತೆರೆದರು. ಸ್ವಾತಂತ್ರ್ಯದ ನಂತರ ಅಂಥ ಶಾಲೆಗಳು ಹಲವಾದವು, 1955ರಲ್ಲಿ ಟೇಕ್ವಾಂಡೊ ಎಂಬ ಹೆಸರು ಬಂತು, 1972ರಲ್ಲಿ ಕುಕ್ಕಿವನ್ ಕಟ್ಟಡ, 1973ರಲ್ಲಿ ವಿಶ್ವ ಒಕ್ಕೂಟ. ಇಲ್ಲಿನ ವಿದ್ವಾಂಸರೇ ಇದನ್ನು ಬರೆಯುತ್ತಾರೆ, ತರಗತಿಯಲ್ಲಿ ಚರ್ಚೆಯಾಗುತ್ತದೆ, ಯಾರಿಗೂ ಅವಮಾನ ಅನ್ನಿಸುವುದಿಲ್ಲ.

ನಿಜಕ್ಕೂ ಹಳೆಯದು ಟೆಕ್ಯಾನ್ ಎಂಬ ಇನ್ನೊಂದು ಕೊರಿಯನ್ ಕಾಳಗ ವಿದ್ಯೆ. 1893ರಲ್ಲಿ ಹುಟ್ಟಿದ ಸೋಂಗ್ ದೊಕ್‌ಗಿ ಅನ್ನುವವರು ಅದನ್ನು ಜಪಾನಿನ ಕಾಲವನ್ನೂ ಯುದ್ಧವನ್ನೂ ದಾಟಿಸಿ ಉಳಿಸಿಕೊಂಡರು. 1983ರಲ್ಲಿ ಸರ್ಕಾರ ಅದನ್ನು ರಾಷ್ಟ್ರೀಯ ಪರಂಪರೆ ಎಂದು ಗುರುತಿಸಿತು, 1987ರಲ್ಲಿ ಅವರು ತೀರಿಕೊಂಡರು, 2011ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ನೋಡಲು ಕುಣಿತದಂತೆ ಮೆತ್ತಗೆ, ಕಾಲು ಮಾತ್ರ ಯಾವಾಗ ಬಂತೋ ಗೊತ್ತಾಗುವುದಿಲ್ಲ. ನಮ್ಮ ಸುವೊನ್ ಕೋಟೆ ಕಟ್ಟಿಸಿದ ಚೊಂಗ್ಜೊ ರಾಜ 1790ರಲ್ಲಿ 24 ಬಗೆಯ ಕಾಳಗ ವಿದ್ಯೆಗಳನ್ನು ಚಿತ್ರ ಸಮೇತ ಬರೆಸಿಟ್ಟ. ಆ ಪುಸ್ತಕ ನೋಡಿಕೊಂಡೇ ಈಗಿನವರು ಅವುಗಳನ್ನು ಮತ್ತೆ ಕಟ್ಟಿ, ಅರಮನೆಯ ಅಂಗಳದಲ್ಲಿ ಆಡಿ ತೋರಿಸುತ್ತಾರೆ. ಮಕ್ಕಳಿಗೆ ಈ ಕತೆ ಹೇಳು. ಸೋತ ದೇಶವೊಂದು ಬೇರೆಯವರಿಂದ ಕಲಿತದ್ದನ್ನೂ ತನ್ನ ನೆನಪಿನಲ್ಲಿದ್ದದ್ದನ್ನೂ ಸೇರಿಸಿ, ಜಗಳವಾಡಿ, ತಿದ್ದಿ, ಒಂದು ವಿದ್ಯೆ ಕಟ್ಟಿತು. ಅವರು ತಿದ್ದಿದ ಮೇಲೆ ಕೊರಟಗೆರೆಯಲ್ಲಿ ಕಲಿಸುವ ಕ್ರಮವನ್ನು ನೀನು ತಿದ್ದಲು ಯಾರಪ್ಪಣೆ ಬೇಕು?

ಹೆಡ್‌ಮೇಷ್ಟ್ರಿಗೆ ವೇದಿಕೆಯ ಮೇಲೆ ಏನಾದರೂ ಬೇಕೇ ಬೇಕಲ್ಲ. ಬಿಳಿ ಬಟ್ಟೆ ಆಸೆಪಡುವವರಿಂದ ಟೇಗುಕ್ ಮೊದಲನೆಯ ಪೂಮ್ಸೆ, ಅಂದರೆ ಕ್ರಮವಾಗಿ ಜೋಡಿಸಿದ ಚಲನೆಗಳ ಮೊದಲ ಪಾಠ, ಮಾಡಿಸು, 18 ಚಲನೆ, ಎಲ್ಲರೂ ಒಟ್ಟಿಗೆ ಮಾಡಿದರೆ ನೋಡಲು ಚೆಂದ. ಅದರ ನಂತರ ಒಬ್ಬಳು ಬ್ಯಾಗು ಹಾಕಿಕೊಂಡು ವೇದಿಕೆ ದಾಟಲಿ, ಇನ್ನೊಬ್ಬಳು ಗಂಡಸಿನ ಪಾತ್ರ ಮಾಡಿ ಅಡ್ಡ ಬರಲಿ. ಅವಳು ಕೂಗಲಿ, ಬಿಡಿಸಿಕೊಳ್ಳಲಿ, ಓಡಲಿ. ಅಪ್ಪಂದಿರು ಅಮ್ಮಂದಿರು ತಮ್ಮ ಮಗಳ ಆ ದನಿಯನ್ನು ಒಂದು ಸಲ ಕೇಳಲಿ. ಮೇಷ್ಟ್ರು ಒಪ್ಪದಿದ್ದರೆ ಅವರಿಗೆ ಫೋನ್ ಕೊಡು, ನಾನೇ ಮಾತಾಡುತ್ತೇನೆ.

ತರಬೇತಿ ಮುಗಿದ ಮೇಲೂ ಕಲಿಯುತ್ತೇವೆ ಅನ್ನುವವರು ಐದಾರು ಮಂದಿ ಸಿಕ್ಕೇ ಸಿಗುತ್ತಾರೆ. ಅವರಿಗೆ ಭಾನುವಾರ ನಮ್ಮ ಕಣದಲ್ಲೇ ಹೇಳಿಕೊಡಬಹುದು, ಸುಗ್ಗಿ ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ಅಪ್ಪನನ್ನು ಕೇಳಿ ನೋಡು, ನಾನು ಕೇಳಿದೆ ಅಂತ ಹೇಳು. ತುಮಕೂರಿಗೆ ಹೋದಾಗ ಮ್ಯಾಟಿಗೆ ಎಷ್ಟಾಗುತ್ತದೆ ವಿಚಾರಿಸಿ ವಾಟ್ಸಾಪ್ ಮಾಡು, ಮುಂದಿನ ತಿಂಗಳ ವಿದ್ಯಾರ್ಥಿವೇತನ ಬಂದ ಕೂಡಲೇ ಹಣ ಹಾಕುತ್ತೇನೆ. ಮಣಿಕಟ್ಟು ಬಿಡಿಸುವುದು, ಬೀಳುವುದು ಎರಡರ ವೀಡಿಯೊ ಈ ಶನಿವಾರ ಮಾಡಿ ಕಳಿಸುತ್ತೇನೆ, ನಿಧಾನವಾಗಿ ಮಾಡಿ ತೋರಿಸಿರುತ್ತೇನೆ.

ಅಪ್ಪ ಅಮ್ಮನಿಗೆ, ಅಜ್ಜಿಗೆ ನಮಸ್ಕಾರ ತಿಳಿಸು.

ಇಂತಿ ನಿನ್ನ ಪ್ರೀತಿಯ
ತಂಗಿ